ಹಳೆಯ ಹಾಡು, ಹೊಸ ಕೊರಳು
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವರ್ಷಕ್ಕೊಮ್ಮೆ ನಾವೆಲ್ಲರೂ ಕಲೆಯುವ ಈ ಸಭೆಯಲ್ಲಿ ಕಟ್ಟಡ, ನಿಧಿ, ಪರೀಕ್ಷಾ ಫಲಿತಾಂಶಗಳ ಮಾತು ಬರುವುದು ಸಹಜ. ಆ ಲೆಕ್ಕಗಳನ್ನು ಕಾರ್ಯದರ್ಶಿಗಳು ತಮ್ಮ ಮುಂದಿಟ್ಟಿದ್ದಾರೆ. ನಾವಾದರೋ ಹಾಡಿನ ವಿಷಯವಾಗಿ ಕೆಲವು ಮಾತುಗಳನ್ನಾಡಲು ಬಯಸುತ್ತೇವೆ. ಗಿಟಾರು ಹಿಡಿದು, ಡ್ರಮ್ಮಿನ ಬಡಿತಕ್ಕೆ ಕುಣಿದು ಹಾಡುವ ಇಂದಿನ ರಾಕ್ ಗಾಯಕನು ಬಹುಕಾಲದ ಹಳೆಯ ಹಾಡೊಂದನ್ನು ಎತ್ತಿಕೊಂಡರೆ ಅದು ಹಾಡಿಗೆ ಒದಗಿದ ಕೇಡೋ, ಭಾಗ್ಯವೋ? ಮನೆಗಳಲ್ಲಿ ಹಿರಿಯರಿಗೂ ಕಿರಿಯರಿಗೂ ನಡುವೆ ಆಗಾಗ ನಡೆಯುವ ಈ ವಾದವು ನಮ್ಮ ಶಾಲೆಗೂ ಸಂಬಂಧಪಟ್ಟದ್ದೆಂದು ನಾವು ಬಗೆಯುತ್ತೇವೆ.

ಮೊದಲು ದೂರದ ಒಂದು ನಿದರ್ಶನವನ್ನು ನೋಡೋಣ. ಇಂಗ್ಲೆಂಡಿನಲ್ಲಿ ಜಾನ್ ಡೌಲೆಂಡ್ ಎಂಬ ವಾಗ್ಗೇಯಕಾರನಿದ್ದನು. ಅವನ ಕಾಲ ೧೫೬೩ರಿಂದ ೧೬೨೬. ಎಂದರೆ ಷೇಕ್ಸ್‌ಪಿಯರನ ಸಮಕಾಲೀನ. ಅವನ ವಾದ್ಯ ಲ್ಯೂಟ್. ಹೊಟ್ಟೆ ಉಬ್ಬಿದ ಮರದ ಒಡಲು, ಹಿಂದಕ್ಕೆ ಮಣಿದ ತಲೆ, ಜೋಡಿ ಜೋಡಿಯಾಗಿ ಬಿಗಿದ ನರದ ತಂತಿಗಳು. ಬೆರಳಿನಿಂದ ಮೀಟುವ ಈ ವಾದ್ಯದ ದನಿ ಬಹು ಮೆಲ್ಲಗೆ. ಹತ್ತು ಜನರಿರುವ ಕೋಣೆಗೆ ಸಾಕು, ಬಯಲಿಗೆ ಸಾಲದು. ೧೫೯೭ರಲ್ಲಿ ಡೌಲೆಂಡನು ತನ್ನ ಹಾಡುಗಳ ಮೊದಲನೆಯ ಪುಸ್ತಕವನ್ನು ಅಚ್ಚು ಹಾಕಿಸಿದನು. ಮೇಜಿನ ಸುತ್ತ ಕುಳಿತವರು ಒಂದೇ ಪುಸ್ತಕವನ್ನು ನಡುವೆ ತೆರೆದಿಟ್ಟು, ತಮ್ಮ ತಮ್ಮ ಪಾಲನ್ನು ತಮ್ಮ ಕಡೆಯಿಂದಲೇ ಓದಿ ಹಾಡುವಂತೆ ಅದರ ಪುಟಗಳನ್ನು ಜೋಡಿಸಲಾಗಿತ್ತು. ಅವು ಮನೆಮಂದಿ ಹಾಡುವ ಹಾಡುಗಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಹಾಡುಗಳನ್ನು ೨೦೦೬ರಲ್ಲಿ ಸ್ಟಿಂಗ್ ಎಂಬ ಹೆಸರಾಂತ ರಾಕ್ ಗಾಯಕನು ಹಾಡಿ ಧ್ವನಿಮುದ್ರಿಸಿದನು. ಆತನ ಹುಟ್ಟು ಹೆಸರು ಗಾರ್ಡನ್ ಸಮ್ನರ್. ಕೀರ್ತಿ ಬರುವ ಮುನ್ನ ಆತನು ಕೆಲಕಾಲ ಚಿಕ್ಕ ಮಕ್ಕಳ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದನೆಂಬುದು ನಮಗೆ ಅಭಿಮಾನದ ಸಂಗತಿ. ಬೋಸ್ನಿಯದ ಎದಿನ್ ಕರಮಾಜೊವ್ ಲ್ಯೂಟ್ ನುಡಿಸಿದರು. ಶಾಸ್ತ್ರೀಯ ಸಂಗೀತಕ್ಕೆ ಹೆಸರಾದ ಜರ್ಮನಿಯ ಡಾಯ್ಚೆ ಗ್ರಾಮಫೋನ್ ಸಂಸ್ಥೆ ಅದನ್ನು ಹೊರತಂದಿತು. ಹಾಡುಗಳ ನಡುವೆ ಡೌಲೆಂಡನು ೧೫೯೫ರಲ್ಲಿ ನ್ಯೂರೆಂಬರ್ಗಿನಿಂದ ಮಂತ್ರಿ ರಾಬರ್ಟ್ ಸೆಸಿಲನಿಗೆ ಬರೆದ ಪತ್ರದ ಭಾಗಗಳನ್ನೂ ಸ್ಟಿಂಗ್ ಓದಿದನು. ರಾಣಿಯ ಆಸ್ಥಾನದಲ್ಲಿ ಸ್ಥಾನ ದೊರೆಯದೆ ಪರದೇಶದಲ್ಲಿ ಅಲೆಯುತ್ತಿದ್ದ ಕಲಾವಿದನ ಅಳಲು ಆ ಪತ್ರದಲ್ಲಿದೆ. ಅಂಥ ಸ್ಥಾನ ಅವನಿಗೆ ದೊರೆತದ್ದು ೧೬೧೨ರಲ್ಲಿ, ಐವತ್ತರ ಅಂಚಿನಲ್ಲಿ.

ಈ ಪ್ರಯತ್ನವನ್ನು ಕೆಲವರು ಮೆಚ್ಚಿದರು, ಕೆಲವರು ಜರೆದರು. ಕಂಠ ಒರಟು, ಶಾಸ್ತ್ರೀಯ ಸಂಸ್ಕಾರವಿಲ್ಲ ಎಂಬುದು ಮುಖ್ಯ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ದೊಡ್ಡ ರಂಗಮಂದಿರದ ಕೊನೆಯ ಸಾಲಿಗೆ ಮುಟ್ಟುವಂತೆ ಹಾಡಲು ತರಬೇತಾದ ಕಂಠವು ಲ್ಯೂಟಿನ ಮೆಲುದನಿಯನ್ನು ನುಂಗಿಬಿಡಬಲ್ಲದು. ಧ್ವನಿಗ್ರಾಹಕದ ಮುಂದೆ ಹಾಡಿ ಪಳಗಿದವನಾದರೋ ಕಿವಿಯಲ್ಲಿ ಪಿಸುಗುಟ್ಟಿದಂತೆ ಹಾಡಬಲ್ಲ. ಕೋಣೆಯ ಹಾಡು ಕೋಣೆಯ ಅಳತೆಗೇ ಮರಳಲು ಯಂತ್ರವೇ ನೆರವಾಯಿತೆಂದರೆ ವಿಚಿತ್ರವೆನಿಸಬಹುದು. ಆದರೂ ಅದು ದಿಟ.

ಇನ್ನು ನಮ್ಮ ನಾಡಿಗೆ ಬರೋಣ. ನಮ್ಮಲ್ಲಿಯೂ ಇಂಥದೇ ಒಂದು ಪ್ರಯತ್ನ ನಡೆದಿದೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ ೧೮೧೯ರಲ್ಲಿ ಜನಿಸಿ ೧೮೮೯ರಲ್ಲಿ ದೇಹವಿಟ್ಟ ಷರೀಫರು ತಮಗೆಲ್ಲ ಪರಿಚಿತರು. ಮುಸಲ್ಮಾನರಾಗಿ ಹುಟ್ಟಿ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿಗೆ ಶಿಷ್ಯರಾದವರು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅವರೂ ಕೆಲಕಾಲ ಶಾಲಾ ಮಾಸ್ತರರಾಗಿದ್ದರು. ಡೌಲೆಂಡನಂತೆ ಅವರು ಪುಸ್ತಕ ಅಚ್ಚು ಹಾಕಿಸಲಿಲ್ಲ. ಸ್ವರವನ್ನು ಗುರುತು ಹಾಕಿಡಲಿಲ್ಲ. ಅವರ ತತ್ವಪದಗಳು ಏಕತಾರಿ, ದಮ್ಮಡಿ, ತಾಳಗಳೊಡನೆ ಭಜನೆಯವರ ಬಾಯಲ್ಲಿ ಉಳಿದು ಬಂದವು. ಊರಿಗೊಂದು ಮಟ್ಟು, ಮೇಳಕ್ಕೊಂದು ಪಾಠ.

ಪೇಟೆಯ ಜನಕ್ಕೆ ಅವುಗಳ ರುಚಿ ಹತ್ತಿಸಿದವರಲ್ಲಿ ಸಿ. ಅಶ್ವತ್ಥರು ಮುಖ್ಯರು. ಟಿ. ಎಸ್. ನಾಗಾಭರಣರು ನಿರ್ದೇಶಿಸಿ ೧೯೯೦ರಲ್ಲಿ ತೆರೆಕಂಡ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಅವರದೇ ಸಂಗೀತ. ಹಾರ್ಮೋನಿಯಂ, ತಬಲ, ಕೊಳಲುಗಳಿಂದ ಕೂಡಿದ ಆ ಸುಗಮ ಸಂಗೀತವೂ ಭಜನೆಯ ಕಟ್ಟೆಗೆ ಹೊಸದೇ ಆಗಿತ್ತು. ಇಂದು ನಮ್ಮ ಹಿರಿಯರು ‘ಷರೀಫರ ಧಾಟಿ’ ಎಂದು ಎದೆಗಪ್ಪಿಕೊಳ್ಳುವುದು ಬಹಳಮಟ್ಟಿಗೆ ಅಶ್ವತ್ಥರ ಧಾಟಿಯನ್ನೇ.

ಬಳಿಕ ಬಂದವರು ರಘು ದೀಕ್ಷಿತರು. ೧೯೭೪ರಲ್ಲಿ ಹುಟ್ಟಿದವರು, ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಭರತನಾಟ್ಯ ಕಲಿತು, ಗಿಟಾರನ್ನು ತಾವಾಗಿಯೇ ಅಭ್ಯಾಸ ಮಾಡಿದವರು. ೨೦೦೮ರಲ್ಲಿ ಹೊರಬಂದ ಅವರ ತಂಡದ ಮೊದಲ ಧ್ವನಿಮುದ್ರಿಕೆಯಲ್ಲಿ ಷರೀಫರ ಗುಡಗುಡಿಯ ಪದವೂ ಸೋರುವ ಮಾಳಿಗೆಯ ಪದವೂ ಇವೆ. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಅವರು ರಂಗಕ್ಕೆ ಬರುತ್ತಾರೆ. ಗಿಟಾರು, ಪಿಟೀಲು, ಡ್ರಮ್ಮುಗಳು ಜೊತೆಗೂಡುತ್ತವೆ. ೨೦೧೦ರಲ್ಲಿ ಇಂಗ್ಲೆಂಡಿನ ಬಿ. ಬಿ. ಸಿ. ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು; ೨೦೧೧ರಲ್ಲಿ ಗ್ಲಾಸ್ಟನ್‌ಬರಿಯ ಉತ್ಸವದಲ್ಲಿ ಹಾಡಿದರು. ಶಿಶುನಾಳದ ಮಾಸ್ತರರ ಪದಗಳನ್ನು ಎತ್ತಿಕೊಂಡ ಕೊರಳು ಅಷ್ಟು ದೂರ ಹೋಯಿತು.

“ತತ್ವಪದಕ್ಕೆ ಈ ಅಬ್ಬರವೇ?” ಎಂದು ಕೇಳುವವರುಂಟು. ಅವರನ್ನು ನಾವು ಹಳಬರೆಂದು ತಳ್ಳಿಹಾಕುವುದಿಲ್ಲ. ಪದ ಹಾಡುವವನು ಮೈಮರೆಯಬೇಕು, ಕೇಳುವವನು ಎಚ್ಚರಗೊಳ್ಳಬೇಕು. ಇಲ್ಲಿ ಇಬ್ಬರೂ ಕುಣಿಯುವುದರಲ್ಲಿಯೇ ಮುಗಿಯಬಾರದೆಂಬುದು ಅವರ ಆತಂಕ. ಆದರೆ ವಾದ್ಯವನ್ನು ಹಿಡಿದು ಅಳೆಯಹೊರಟರೆ ನಮಗೆ ಅಳತೆಗೋಲೇ ಸಿಕ್ಕುವುದಿಲ್ಲ. ಡೌಲೆಂಡನ ಮಟ್ಟು ಅಚ್ಚಿನಲ್ಲಿದೆ, ಸ್ಟಿಂಗ್ ಎಲ್ಲಿ ಸರಿದನೆಂದು ತೋರಿಸಬಹುದು. ಷರೀಫರ ಮಟ್ಟು ಯಾವ ಅಚ್ಚಿನಲ್ಲಿದೆ? ಉಳಿದಿರುವುದು ಮಾತು. ಆದುದರಿಂದ ನಮ್ಮ ಅಳತೆಗೋಲೂ ಮಾತೇ ಆಗಬೇಕು. ಮಾತು ಸ್ಪಷ್ಟವಾಗಿ ಕಿವಿಗೆ ಬಿದ್ದು, ಅರ್ಥ ಮನಸ್ಸಿಗೆ ಇಳಿಯಿತೋ, ಯಾವ ವಾದ್ಯವಾದರೂ ಸರಿ. ಮಾತು ಮಸುಕಾಯಿತೋ, ಏಕತಾರಿಯೇ ಆದರೂ ವ್ಯರ್ಥ.

ಇಲ್ಲಿಯೇ ನಮ್ಮ ಶಾಲೆಯ ಹೊಣೆ ಮೊದಲಾಗುವುದು. ಗಾಯಕನು ಮಾತನ್ನು ಕಿವಿಯವರೆಗೆ ತರಬಲ್ಲ. ಅರ್ಥವನ್ನು ಮನಸ್ಸಿಗೆ ಇಳಿಸುವವರು ಯಾರು? ಈ ಮಾರಂಡಹಳ್ಳಿಯಿಂದ ಶಿಶುನಾಳ ನಾನೂರು ಕಿಲೋಮೀಟರಿಗೂ ಮಿಗಿಲಾದ ದೂರ. ಅಲ್ಲಿಯ ಕನ್ನಡ ಬೇರೆ, ಇಲ್ಲಿಯ ಕನ್ನಡ ಬೇರೆ. ಸೋರುವ ಮಾಳಿಗೆಯ ಪದವನ್ನು ನಮ್ಮ ಹುಡುಗನು ಮೊಬೈಲಿನಲ್ಲಿ ಕೇಳಿ ತಲೆದೂಗುತ್ತಾನೆ. ಮಾಳಿಗೆಯೆಂದರೇನೆಂದು ಕೇಳಿದರೆ ಮಹಡಿಯೆನ್ನುತ್ತಾನೆ. ಉತ್ತರದ ಬಯಲುಸೀಮೆಯಲ್ಲಿ ಅದು ತೊಲೆಗಳ ಮೇಲೆ ಮಣ್ಣು ಹಾಸಿ ಬಡಿದು ಮಾಡಿದ ಚಪ್ಪಟೆ ಚಾವಣಿ. ಮಳೆಗಾಲಕ್ಕೆ ಮುನ್ನ ಮೇಲೇರಿ ಬಿರುಕು ಮುಚ್ಚಿ ಮಣ್ಣು ಮೆತ್ತದಿದ್ದರೆ ಸೋರಿಯೇ ಸೋರುವುದು. ಒಮ್ಮೆ ಕಟ್ಟಿದೆನೆಂದು ಕೈಕಟ್ಟಿ ಕುಳಿತರಾಗದು, ವರ್ಷವರ್ಷವೂ ನೋಡಿಕೊಳ್ಳಬೇಕು. ಇದು ತಿಳಿದ ಮೇಲಲ್ಲವೆ, ಮನೆಯೆಂದರೆ ದೇಹ, ಸೋರುವಿಕೆಯೆಂದರೆ ಅಜ್ಞಾನ ಎಂಬ ಅರ್ಥ ತೆರೆದುಕೊಳ್ಳುವುದು! ಗುಡಗುಡಿಯ ಪದವೂ ಹಾಗೆಯೇ. ಅರ್ಥ ಹೇಳುವವರಿಲ್ಲದಿದ್ದರೆ ಮಗು ಅದನ್ನು ತಂಬಾಕಿನ ಹಾಡೆಂದೇ ತಿಳಿದೀತು.

ಮಹನೀಯರೆ, ನಮ್ಮ ಸ್ಥಿತಿ ತಮಗೆ ಗೊತ್ತು. ೨೦೦೬ರ ಶಾಸನದಂತೆ ಈ ರಾಜ್ಯದ ಶಾಲೆಗಳಲ್ಲಿ ತಮಿಳು ಕಡ್ಡಾಯ ಪಾಠವಾಯಿತು. ನೆಲದ ಭಾಷೆಯನ್ನು ಕಲಿಯುವುದು ಮಕ್ಕಳಿಗೆ ಒಳಿತೇ. ಇಂಗ್ಲಿಷಂತೂ ಅನ್ನದ ಭಾಷೆಯೆಂದು ಎಲ್ಲರೂ ಒಪ್ಪಿದ್ದಾರೆ. ಉಳಿದ ವೇಳೆಯಲ್ಲಿ ಕನ್ನಡ. ನಮ್ಮ ಹಾಜರಿಪುಸ್ತಕ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ. ಇಲ್ಲಿ ಓದಿದ ಹುಡುಗ ನಾಳೆ ಹೊಟ್ಟೆಪಾಡಿಗೆ ಹೊಸೂರಿಗೋ ಕೊಯಮತ್ತೂರಿಗೋ ಹೋಗುತ್ತಾನೆ. ಅಲ್ಲಿ ಅವನು ಕನ್ನಡ ಪುಸ್ತಕವನ್ನು ತೆರೆಯುವನೆಂಬ ಭರವಸೆ ನಮಗಿಲ್ಲ. ಕನ್ನಡ ಹಾಡೊಂದನ್ನು ಕೇಳುವನೆಂಬ ಭರವಸೆ ಉಂಟು. ಅವನಿಗೂ ನುಡಿಗೂ ನಡುವೆ ಉಳಿಯುವ ಎಳೆ ಅದೊಂದೇ ಆಗಬಹುದು. ಆ ಎಳೆಯನ್ನು ಗಿಟಾರಿನದೆಂದು ನಾವೇ ಹರಿದುಹಾಕುವುದು ಜಾಣತನವೆ?

ಆದುದರಿಂದ ಸಂಘದ ಮುಂದೆ ನಾವೊಂದು ಕೋರಿಕೆಯನ್ನಿಡುತ್ತೇವೆ. ಇದಕ್ಕೆ ಹಣ ಹೆಚ್ಚು ಬೇಡ. ವಾರಕ್ಕೊಂದು ದಿನ ಕೊನೆಯ ಪಾಠದ ವೇಳೆಯನ್ನು ಹಾಡಿಗೆ ಮೀಸಲಿಡೋಣ. ಸುತ್ತಲ ಹಳ್ಳಿಗಳಲ್ಲಿ ಭಜನೆಯ ಪದ, ಕೋಲಾಟದ ಹಾಡು, ಸೋಬಾನೆ ಬಲ್ಲ ಹಿರಿಯರು ಸರದಿಯಂತೆ ಬಂದು ಒಂದೊಂದು ಹಾಡು ಹೇಳಲಿ. ಮಕ್ಕಳು ಅದನ್ನು ಬರೆದುಕೊಳ್ಳಲಿ, ತಿಳಿಯದ ಮಾತಿಗೆ ಅರ್ಥ ಕೇಳಲಿ. ಮಟ್ಟನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಲಿ. ಆಮೇಲೆ ಆ ಹಾಡನ್ನು ಯಾವ ವಾದ್ಯಕ್ಕೆ ಹೊಂದಿಸಿ ಹಾಡಿದರೂ ನಾವು ತಡೆಯುವುದಿಲ್ಲ. ಆದರೆ ಅರ್ಥ ಹೇಳಲಾರದ ಹಾಡನ್ನು ವೇದಿಕೆಯಲ್ಲಿ ಹಾಡಲು ಬಿಡುವುದಿಲ್ಲ. ನಿಯಮ ಇದೊಂದೇ.

ವಿದ್ಯಾರ್ಥಿಗಳೆ, ಹಳೆಯ ಹಾಡಿಗೆ ಹೊಸ ಕೊರಳು ಬೇಕು, ಅದು ನಿಮ್ಮಲ್ಲಿದೆ. ಹಿರಿಯರೆ, ಹೊಸ ಕೊರಳಿಗೆ ಅರ್ಥದ ಆಸರೆ ಬೇಕು, ಅದು ತಮ್ಮಲ್ಲಿದೆ. ಇವೆರಡನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ಕೆಲಸವನ್ನು ಶಾಲೆಗೆ ವಹಿಸಿಕೊಡಿರೆಂದು ಬೇಡುತ್ತೇವೆ.