ನಮ್ಮ ಹಿರಿಯರು ಓದಿದ ಸಾಹಸದ ಕಾದಂಬರಿಗಳು



ಕಾದಂಬರಿ ಓದುವ ಹುಡುಗನು ಕೆಟ್ಟನೆಂದೇ ಹಿರಿಯರು ತಿಳಿಯುತ್ತಿದ್ದ ಕಾಲವೊಂದಿತ್ತು. ರಾಯಚೂರಿನಿಂದ ಲಿಂಗಸೂಗೂರಿಗೆ ಹೋಗುವ ದಾರಿಯಲ್ಲಿರುವ ಕಲ್ಮಲದಲ್ಲಿ ನನ್ನ ಅಜ್ಜನವರು ಗಳಗನಾಥರ ಪುಸ್ತಕಗಳನ್ನು ಜೋಳದ ಚೀಲಗಳ ಸಂದಿನಲ್ಲಿ ಅಡಗಿಸಿಟ್ಟು, ಮನೆಯವರು ಮಲಗಿದ ಬಳಿಕ ಕಂದೀಲಿನ ಬತ್ತಿಯನ್ನು ತಗ್ಗಿಸಿಕೊಂಡು ಓದುತ್ತಿದ್ದರಂತೆ. ಶಾಲೆಯಲ್ಲಿ ಅವರು ಕಲಿತದ್ದು ಉರ್ದು. ಹೈದರಾಬಾದು ಸಂಸ್ಥಾನದ ಆಡಳಿತ ಭಾಷೆ ಅದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಅದೇ. ಅಜ್ಜನವರಿಗೆ ಬರಹದ ಕನ್ನಡವನ್ನು ಕಲಿಸಿದವರು ಉಪಾಧ್ಯಾಯರಲ್ಲ, ಕಾದಂಬರಿಯೊಳಗಿನ ಕುದುರೆ ಸವಾರರು.

ಈ ಬಗೆಯ ಕಥೆಗಳಿಗೆ ನಮ್ಮಲ್ಲಿ ದಾರಿ ತೆರೆದವರು ಬಿ. ವೆಂಕಟಾಚಾರ್ಯರು. ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಅವರು 1885ರಲ್ಲಿ ಕನ್ನಡಕ್ಕೆ ತಂದರು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರ ಕೃತಿಗಳನ್ನು ಕನ್ನಡಕ್ಕೆ ಇಳಿಸಿದರು. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾ ವಿಲಾಸ’ವನ್ನು (1923) ಸ್ವತಂತ್ರವಾಗಿ ಬರೆದರು. ಈ ಬಡ ಉಪಾಧ್ಯಾಯರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಇಂಗ್ಲಿಷಿನಲ್ಲಿ ಸ್ಕಾಟನನ್ನು ಓದಿ ಪರೀಕ್ಷೆ ಬರೆದ ನನ್ನಂಥವರು ಈ ಕಾದಂಬರಿಗಳ ಕಾಕತಾಳೀಯಗಳನ್ನು ಕಂಡು ನಗುವುದುಂಟು. ಸ್ಕಾಟನಲ್ಲಿ ಅವು ಕಡಿಮೆಯೇನಲ್ಲವೆಂಬುದನ್ನು ಮಾತ್ರ ಮರೆಯುತ್ತೇವೆ.

ಆದರೆ ದೋಷವೊಂದನ್ನು ಮರೆಮಾಚಲಾಗದು. ಈ ಬಗೆಯ ಕಥೆಗಳಲ್ಲಿ ಎದುರಾಳಿಯ ಮತವೇ ಅವನ ದುಷ್ಟತನಕ್ಕೆ ಸಾಕ್ಷಿಯಾಗುವುದುಂಟು. ನಮ್ಮ ದೋಆಬಿನ ನಿಜವಾದ ಚರಿತ್ರೆ ಅಷ್ಟು ಸರಳವಲ್ಲ. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದಾಗ ಅವನ ಸೈನ್ಯದಲ್ಲಿ ಮುಸಲ್ಮಾನ ಯೋಧರಿದ್ದರು; ಪೋರ್ಚುಗೀಸ್ ಕೋವಿಕಾರರೂ ಇದ್ದರು. ಮುದಗಲ್ಲಿನ ಅಕ್ಕಸಾಲಿಗನ ಮಗಳ ವೃತ್ತಾಂತವಂತೂ ಯಾವ ಕಾದಂಬರಿಗೂ ಸಾಲದೆ ಹೋಗದು. ಅವಳನ್ನು ಬಯಸಿ ದೇವರಾಯನು ಸವಾರರನ್ನು ಕಳುಹಿಸಿದನು. ಅಷ್ಟರಲ್ಲಿ ಮನೆಯವರು ಅವಳೊಡನೆ ಊರು ಬಿಟ್ಟಿದ್ದರು. ಇದನ್ನೇ ನೆಪಮಾಡಿಕೊಂಡು ಬಹಮನಿ ಫಿರೋಜ್‌ಷಹನು ಯುದ್ಧ ಹೂಡಿದನು. ಕಡೆಗೆ ಆಕೆ ಸುಲ್ತಾನನ ಮಗನ ಕೈಹಿಡಿದಳು. ಸುಮಾರು 1406ರ ಈ ಸಂಗತಿಯನ್ನು ಎರಡು ಶತಮಾನಗಳ ತರುವಾಯ ಬರೆದಿಟ್ಟವನು ಫೆರಿಷ್ತಾ. ಇಲ್ಲಿ ಪರಸ್ತ್ರೀಯನ್ನು ಬಯಸಿದವನು ಯಾರು, ಸೊಸೆಯಾಗಿ ತಂದುಕೊಂಡವನು ಯಾರು ಎಂಬುದನ್ನು ನೋಡಿದರೆ ನಮ್ಮ ಕಾದಂಬರಿಕಾರರ ಲೆಕ್ಕ ತಪ್ಪುತ್ತದೆ.

ಅಜ್ಜನವರಿಗೆ ಉರ್ದು ಶಾಲೆಯಲ್ಲಿ ಒಬ್ಬ ಮುಸಲ್ಮಾನ ಗೆಳೆಯನಿದ್ದನು. ಅವನಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬಾರದು. ಬಾವಿಯ ಕಟ್ಟೆಯ ಮೇಲೆ ಕುಳಿತು ಅಜ್ಜನವರು ಅವನಿಗೆ ಕಥೆ ಓದಿ ಹೇಳುತ್ತಿದ್ದರು. ಕಟುವಾದ ಮಾತುಗಳಿದ್ದ ಕಡೆ ಎರಡು ಮೂರು ಪುಟಗಳನ್ನು ಸದ್ದಿಲ್ಲದೆ ಮಗುಚಿಬಿಡುತ್ತಿದ್ದರಂತೆ. ಒಂದು ದಿನ ಗೆಳೆಯನು ಅದನ್ನು ಕಂಡು, “ನಡುವಿನ ಹಾಳಿ ಯಾಕ ಬಿಟ್ಟಿ?” ಎಂದು ಕೇಳಿದನು. ಅಜ್ಜನವರು ಉತ್ತರ ಕೊಡಲಿಲ್ಲ. ಕೆಲವು ಹೊತ್ತಿನ ಮೇಲೆ ಗೆಳೆಯನೇ, “ಇರಲಿ, ಮುಂದ ಓದು, ಆ ಕುದುರಿ ಏನಾತು?” ಎಂದನಂತೆ.