ನರಿಯ ವಿಚಾರಣೆ

ಮುಂಬಯಿಯ ಧಾರಾವಿಯಲ್ಲಿ, ಕುಂಭಾರವಾಡೆಯ ಆವಿಗೆಗಳ ಹೊಗೆ ಸಂಜೆಯ ಮಂದಪ್ರಕಾಶದೊಡನೆ ಬೆರೆತು ಗಲ್ಲಿಗಳ ಮೇಲೆ ಕವಿಯುವ ಹೊತ್ತಿಗೆ, ಕಲಬುರ್ಗಿಯ ಸೀಮೆಯಿಂದ ಬಂದು ನಮ್ಮ ಒಂದೇ ಖೋಲಿಯ ಮನೆಯಲ್ಲಿ ನೆಲೆಸಿದ್ದ ನನ್ನ ಆಯಿ ರೊಟ್ಟಿ ಬಡಿಯುತ್ತಲೇ ನಮಗೆ ಸಿಂಹ, ಎತ್ತು, ನರಿಗಳ ಕಥೆಯನ್ನು ಹೇಳುತ್ತಿದ್ದಳು. ಚಾಡಿಯಿಂದ ಇಬ್ಬರು ಮಿತ್ರರಲ್ಲಿ ವೈರವನ್ನು ಹುಟ್ಟಿಸಿ, ನಿರಪರಾಧಿಯಾದ ಎತ್ತನ್ನು ಸಿಂಹದ ಕೈಯಿಂದಲೇ ಕೊಲ್ಲಿಸಿದ ನರಿ ಕೊನೆಗೆ ಮಂತ್ರಿಪದವಿಯಲ್ಲಿ ಸುಖವಾಗಿರುವುದನ್ನು ಕೇಳಿದ ನನ್ನ ತಂಗಿ, “ಆಯಿ, ಆ ನರಿಗೆ ಏನೂ ಶಿಕ್ಷಾ ಆಗ್ಲಿಲ್ಲೇನು?” ಎಂದಳು. ಆಯಿಯ ಕೈ ಹಿಟ್ಟಿನ ಮೇಲೆಯೇ ನಿಂತಿತು.

ಆ ಪ್ರಶ್ನೆ ಬಹು ಪ್ರಾಚೀನವಾದುದೆಂದು ನಾನು ಅರಿತದ್ದು, ಸುಮಾರು 1489ರಲ್ಲಿ ಸ್ಟ್ರಾಸ್‌ಬುರ್ಗ್ ನಗರದ ಯೊಹಾನ್ ಪ್ರ್ಯೂಸ್ ಎಂಬವನ ಅಚ್ಚುಕೂಟದಿಂದ ಹೊರಬಿದ್ದ ಒಂದು ಲ್ಯಾಟಿನ್ ಗ್ರಂಥದ ವೃತ್ತಾಂತವನ್ನು ಓದಿದಾಗ. ‘ಡೈರೆಕ್ಟೋರಿಯಂ ಹ್ಯೂಮನೆ ವೀಟೆ’, ಅಂದರೆ ‘ಮಾನವಜೀವನದ ಮಾರ್ಗದರ್ಶಿ’, ಎಂಬ ಆ ಗ್ರಂಥ ನಮ್ಮ ಪಂಚತಂತ್ರದ ಸಂತಾನವೇ ಆಗಿದೆ. 6ನೆಯ ಶತಮಾನದಲ್ಲಿ ಪಾರಸೀಕ ದೊರೆ ಅನುಶಿರ್ವಾನನ ವೈದ್ಯ ಬುರ್ಜೋಯನು ಪಹ್ಲವಿಗೆ, 8ನೆಯ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫನು ಅರಬ್ಬಿಗೆ ತಂದ ಕಥೆಗಳು ಹೀಬ್ರೂವಿನ ಮೂಲಕ ಸಾಗಿ, 13ನೆಯ ಶತಮಾನದಲ್ಲಿ ಕಾಪುವದ ಜಾನ್‌ನ ಲೇಖನಿಯಿಂದ ಲ್ಯಾಟಿನ್ನಿಗೆ ಇಳಿದವು. ಕಥೆಯ ನರಿಗಳಾದ ಕರಟಕ ದಮನಕರು ಈ ಪಯಣದಲ್ಲಿ ಕಲೀಲ ದಿಮ್ನರಾದರು. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ ದುರ್ಗಸಿಂಹನಾದರೋ ಆ ಲ್ಯಾಟಿನ್ ಅನುವಾದಕ್ಕೆ ಎರಡು ಶತಮಾನಗಳಷ್ಟು ಮುಂಚೆ, 1031ರ ಸುಮಾರಿಗೆ, ವಸುಭಾಗನ ಪಾಠವನ್ನು ಅನುಸರಿಸಿ ಈ ಕಥೆಗಳನ್ನು ಕನ್ನಡ ಚಂಪುವಿನಲ್ಲಿ ಹೇಳಿಯಾಗಿತ್ತೆಂಬುದನ್ನು ನೆನೆದಾಗ ನನಗೆ ಹರ್ಷವಾಗುತ್ತದೆ.

ಸ್ಟ್ರಾಸ್‌ಬುರ್ಗಿನ ಆ ಪುಸ್ತಕದಲ್ಲಿ ಮರದ ಅಚ್ಚಿನಿಂದ ಒತ್ತಿದ ನೂರಕ್ಕೂ ಮಿಕ್ಕ ಚಿತ್ರಗಳಿವೆ. ಹಲಗೆಯ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಬರೆದು, ಗೆರೆಗಳನ್ನು ಮಾತ್ರ ಉಳಿಸಿ ಮಿಕ್ಕ ಮರವನ್ನೆಲ್ಲ ಕೆತ್ತಿ ತೆಗೆಯಬೇಕು. ಉಳಿದ ಉಬ್ಬುಗೆರೆ ಅಕ್ಷರದ ಮೊಳೆಗಳಷ್ಟೇ ಎತ್ತರವಿದ್ದರೆ ಮಾತೂ ಚಿತ್ರವೂ ಒಂದೇ ಮಸಿಯಲ್ಲಿ, ಒಂದೇ ಒತ್ತಿನಲ್ಲಿ ಕಾಗದಕ್ಕಿಳಿಯುತ್ತವೆ. ನಮ್ಮ ಗಲ್ಲಿಯ ಚರ್ಮದ ಕಾರಖಾನೆಯಲ್ಲಿ ಚೀಲದ ಮೇಲೆ ಹೂವನ್ನೊತ್ತುವ ಹಿತ್ತಾಳೆಯ ಅಚ್ಚನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಈ ತಿರುವುಮುರುವಿನ ಕೌಶಲವನ್ನು ವಿವರಿಸಬೇಕಾಗಿಲ್ಲ. ಸಿಂಹದ ಕೇಸರದ ಒಂದೊಂದು ಎಳೆಯೂ, ಸುತ್ತಲಿನ ಮರವನ್ನು ತೊರೆದು ನಿಂತ ತೆಳುವಾದ ಗೋಡೆ. ಉಳಿ ಒಂದಿಷ್ಟು ಜಾರಿದರೆ ಹೋದ ಗೆರೆ ಹೋದಂತೆಯೇ. ಆ ಕೆತ್ತನೆಗಾರ ಬಹುಶಃ ಸಿಂಹವನ್ನು ಕಣ್ಣಾರೆ ಕಂಡವನಲ್ಲ. ಆದರೂ ಅಷ್ಟು ಶ್ರದ್ಧೆಯಿಂದ ಕೆತ್ತಿದನು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಇದೇ ಮುಂಬಯಿಯ ಸಂಸ್ಕೃತ ಗ್ರಂಥಮಾಲೆ 1868ರಲ್ಲಿ ಆರಂಭವಾದದ್ದೇ ಪಂಚತಂತ್ರದಿಂದ; ಪಂಚತಂತ್ರದ ಸಂಸ್ಕೃತ ಪಾಠದಲ್ಲಿ ಚಾಡಿ ಹೇಳಿದ ದಮನಕನಿಗೆ ದಂಡನೆಯಿಲ್ಲ. ಅರಬ್ಬಿಯಲ್ಲಿ ಮಾತ್ರ, ಎತ್ತಿನ ಕೊಲೆಯ ಬೆನ್ನಿಗೇ ಒಂದು ಹೊಸ ಅಧ್ಯಾಯ ಸೇರಿತು: ನರಿಗಳಿಬ್ಬರ ಗುಟ್ಟಿನ ಮಾತನ್ನು ಕೇಳಿಸಿಕೊಂಡ ಚಿರತೆ ಸಿಂಹದ ತಾಯಿಗೆ ಅದನ್ನು ತಿಳಿಸುತ್ತದೆ, ನರಿಯನ್ನು ಸೆರೆಯಲ್ಲಿಡುತ್ತಾರೆ, ಸಭೆ ಕೂಡುತ್ತದೆ, ಸಾಕ್ಷಿಗಳಿಂದ ದೋಷ ಸ್ಥಿರಪಟ್ಟು ನರಿ ಸಾಯುತ್ತದೆ. ಕಥೆಯನ್ನು ಹೊತ್ತು ತಂದವನು ಅನ್ಯಾಯವನ್ನು ಇದ್ದಂತೆಯೇ ಮುಂದಿನವನ ಕೈಗೆ ದಾಟಿಸಲಾರದೆ ಹೋದನು. ಹೀಗೆ ಕೂಡಿಸಿದ್ದನ್ನು ಮೂಲಕ್ಕೆ ದ್ರೋಹವೆನ್ನುವ ಪಂಡಿತರಿರಬಹುದು, ನನಗದು ಒಪ್ಪಿಗೆಯಿಲ್ಲ. ಲ್ಯಾಟಿನ್ ಗ್ರಂಥವೂ ಆ ವಿಚಾರಣೆಯನ್ನು ಬಿಡದೆ ಉಳಿಸಿಕೊಂಡಿತು.

ಆಯಿ ಅಕ್ಷರವನ್ನರಿಯಳು, ಇಬ್ನ್ ಅಲ್-ಮುಕಫ್ಫನ ಹೆಸರನ್ನು ಕೇಳಿದವಳೂ ಅಲ್ಲ. ತಂಗಿಯ ಪ್ರಶ್ನೆಗೆ ಅಂದು ಅವಳು ಉತ್ತರ ಕೊಡಲಿಲ್ಲ. ಮರುದಿನ ಸಂಜೆ ಹಿಟ್ಟನ್ನು ನಾದುತ್ತ, ಮುದಿ ಆನೆಯೊಂದನ್ನು ಆಲದ ಕಟ್ಟೆಯ ಮೇಲೆ ನ್ಯಾಯಕ್ಕೆ ಕೂರಿಸಿ, ಸತ್ತ ಎತ್ತಿನ ಹೆಂಡತಿಯಾದ ಹಸುವನ್ನು ಮೊದಲ ಸಾಕ್ಷಿಯಾಗಿ ಕರೆದಳು. ವಿಚಾರಣೆ ಮೂರು ಸಂಜೆ ನಡೆಯಿತು. ಮೂರು ಸಂಜೆಯೂ ತಂಗಿ ರೆಪ್ಪೆ ಮುಚ್ಚದೆ ಕೇಳಿದಳು.