ಪದವಿಗೆ ಮುನ್ನ ಕೆಲಸದ ಹೊಸ್ತಿಲು

(ಪದವಿ ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ತಂದೆ-ತಾಯಿಯ ಓದು ಹೈಸ್ಕೂಲಿಗೇ ನಿಂತುಹೋದ ಎಷ್ಟೋ ಮನೆಗಳಿಂದ ಇಂದು ಬಿ.ಕಾಂ., ಬಿ.ಎಸ್ಸಿ., ಬಿ.ಸಿ.ಎ. ಓದುವ ಮಕ್ಕಳು ಹೊರಬರುತ್ತಿದ್ದಾರೆ. ಇದು ಸಂತಸದ ಸಂಗತಿ. ಆದರೆ ಪದವಿ ಪಡೆದು ಸಂದರ್ಶನಕ್ಕೆ ಹೋದಾಗ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ಕೇಳುವ ಪ್ರಶ್ನೆಯೊಂದಿದೆ: "ಇದುವರೆಗೆ ಏನು ಕೆಲಸ ಮಾಡಿ ನೋಡಿದ್ದೀರಿ?" ಈ ಪ್ರಶ್ನೆಗೆ ನಮ್ಮ ಮಕ್ಕಳು ಮೌನವಾಗುತ್ತಾರೆ. ಆ ಮೌನವನ್ನು ಮುರಿಯುವ ಬಗೆ ಹೇಗೆ ಎಂಬುದೇ ಇಂದಿನ ನನ್ನ ವಿಷಯ.

ಇಂಟರ್ನ್‌ಶಿಪ್ ಎಂಬ ಪದ ಹೊಸದಿರಬಹುದು, ಪದ್ಧತಿ ನಮಗೆ ಹೊಸದಲ್ಲ. ಗ್ಯಾರೇಜಿನಲ್ಲಿ, ಹೊಲಿಗೆ ಅಂಗಡಿಯಲ್ಲಿ, ಬಡಗಿಯ ಕಾರ್ಖಾನೆಯಲ್ಲಿ ಹುಡುಗನೊಬ್ಬ ಉಸ್ತಾದನ ಕೈಕೆಳಗೆ ನಿಂತು, ಮೊದಲು ಪಾನಾ ಎತ್ತಿಕೊಡುತ್ತಾ, ಅನಂತರ ತಾನೇ ಎಂಜಿನ್ ಬಿಚ್ಚುವಷ್ಟರ ಮಟ್ಟಿಗೆ ಬೆಳೆಯುವುದನ್ನು ನಾವೆಲ್ಲ ಬಲ್ಲೆವು. ವಿಪರ್ಯಾಸವೆಂದರೆ, ಶಾಲೆ ಬಿಟ್ಟ ಹುಡುಗನಿಗೆ ದೊರೆತ ಆ ಉಸ್ತಾದ್ ಕಾಲೇಜು ಮುಗಿಸಿದ ಹುಡುಗನಿಗೆ ದೊರೆಯುತ್ತಿಲ್ಲ. ಲೆಕ್ಕಶಾಸ್ತ್ರದಲ್ಲಿ ತೊಂಬತ್ತು ಅಂಕ ಪಡೆದವನು ಒಂದು ಅಂಗಡಿಯ ಜಿ.ಎಸ್.ಟಿ. ಲೆಕ್ಕವನ್ನು ಕಣ್ಣಾರೆ ಕಂಡಿರುವುದಿಲ್ಲ.

ಕೆಲವು ವೃತ್ತಿಗಳಲ್ಲಿ ಈ ತರಬೇತಿ ಕಡ್ಡಾಯ. ಎಂ.ಬಿ.ಬಿ.ಎಸ್. ಓದಿದವರು ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಯಲೇಬೇಕು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಮೂರು ವರ್ಷದ ಕಾನೂನು ಪದವಿಗೆ ಕನಿಷ್ಠ 12 ವಾರ, ಐದು ವರ್ಷದ ಪದವಿಗೆ 20 ವಾರಗಳ ಇಂಟರ್ನ್‌ಶಿಪ್ ಬೇಕು. ಸಿ.ಎ. ವಿದ್ಯಾರ್ಥಿಗಳಿಗೆ 2023ರ ಹೊಸ ವ್ಯವಸ್ಥೆಯಲ್ಲಿ ಎರಡು ವರ್ಷದ ಆರ್ಟಿಕಲ್‌ಶಿಪ್ ಇದೆ. ಸಾಮಾನ್ಯ ಪದವಿಯ ವಿದ್ಯಾರ್ಥಿಗಳಿಗೂ ನಾಲ್ಕನೇ ಸೆಮಿಸ್ಟರ್‌ನ ಬಳಿಕ 60ರಿಂದ 120 ಗಂಟೆಗಳ ಇಂಟರ್ನ್‌ಶಿಪ್ ಇರಬೇಕೆಂದು ಯು.ಜಿ.ಸಿ. 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ನಿಮ್ಮ ವಿಶ್ವವಿದ್ಯಾಲಯ ಇದನ್ನು ಯಾವ ರೀತಿ ಅಳವಡಿಸಿಕೊಂಡಿದೆ ಎಂಬುದನ್ನು ಕಾಲೇಜಿನಲ್ಲೇ ವಿಚಾರಿಸಿ.

ಹಾಗಾದರೆ ಅಡಚಣೆ ಎಲ್ಲಿದೆ? ಪರಿಚಯದ ಕೊರತೆಯಲ್ಲಿದೆ. ಅಧಿಕಾರಿಯ ಮಗನಿಗೆ ತಂದೆಯ ಒಂದು ದೂರವಾಣಿ ಕರೆಯಿಂದ ಅವಕಾಶ ಸಿಗುತ್ತದೆ. ತಳ್ಳುಗಾಡಿ ನಡೆಸುವವನ ಮಗ ಯಾರಿಗೆ ಕರೆ ಮಾಡಬೇಕು? 2006ರ ಸಾಚಾರ್ ಸಮಿತಿ ವರದಿಯು, 20 ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕೂ ಕಡಿಮೆ, ಒಟ್ಟು ಜನಸಂಖ್ಯೆಯಲ್ಲಿ ಅದು ಸುಮಾರು ಶೇ. 7 ಎಂದು ಹೇಳಿತ್ತು. ಅಂದಿನ ಆ ಕೊರತೆಯ ಫಲವನ್ನು ಇಂದಿನ ಮಕ್ಕಳು ಉಣ್ಣುತ್ತಿದ್ದಾರೆ. ಕಚೇರಿಗಳ ಒಳಗೆ ಅವರ ಕೈ ಹಿಡಿಯಬಲ್ಲ ಹಿರಿಯರು ಕಡಿಮೆ. ಆದುದರಿಂದ ಪರಿಚಯವಿಲ್ಲದ ಬಾಗಿಲನ್ನು ತಟ್ಟುವ ಕಲೆಯನ್ನು ನಮ್ಮ ಮಕ್ಕಳು ಕಲಿಯಲೇಬೇಕಾಗಿದೆ.

ವಿದ್ಯಾರ್ಥಿಗಳೇ, ಹುಡುಕಾಟವನ್ನು ನಿಮ್ಮ ಊರಿನಿಂದಲೇ ಆರಂಭಿಸಿ. ವಾಣಿಜ್ಯದ ವಿದ್ಯಾರ್ಥಿಗೆ ತೆರಿಗೆ ಸಲಹೆಗಾರರ ಕಚೇರಿ, ಸಹಕಾರಿ ಸಂಘ, ಸಗಟು ವ್ಯಾಪಾರದ ಮಳಿಗೆ ಇವೆ. ವಿಜ್ಞಾನದವರಿಗೆ ರೋಗಪರೀಕ್ಷಾ ಪ್ರಯೋಗಾಲಯವಿದೆ. ಕಾನೂನು ಓದುವವರು ಹಿರಿಯ ವಕೀಲರನ್ನೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೂ ಸಂಪರ್ಕಿಸಬಹುದು. ಊರಿನಲ್ಲೇ ಮಾಡಿದರೆ ಊಟ-ವಸತಿಯ ಖರ್ಚಿಲ್ಲ. ಸಂಶೋಧನೆಯಲ್ಲಿ ಆಸಕ್ತಿಯಿರುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಎರಡು ಅಕಾಡೆಮಿಗಳೊಂದಿಗೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಅಂತಹದೇ ಯೋಜನೆಯಿದೆ. ಬೇಸಿಗೆಯ ಇಂತಹ ಅವಕಾಶಗಳಿಗೆ ತಿಂಗಳುಗಳ ಮೊದಲೇ ಅರ್ಜಿ ಕರೆಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಎಚ್ಚೆತ್ತರೆ ಪ್ರಯೋಜನವಿಲ್ಲ.

ಕೇಳುವ ಕ್ರಮವೂ ಮುಖ್ಯ. ಒಂದೇ ಪತ್ರವನ್ನು ಐವತ್ತು ಕಡೆಗೆ ಕಳುಹಿಸುವುದಕ್ಕಿಂತ ಐದು ಸಂಸ್ಥೆಗಳ ಬಗ್ಗೆ ತಿಳಿದುಕೊಂಡು ಐದು ಬೇರೆ ಬೇರೆ ಪತ್ರಗಳನ್ನು ಬರೆಯಿರಿ. ನೀವು ಯಾರು, ಏನು ಬಲ್ಲಿರಿ, ಯಾವ ದಿನದಿಂದ ಯಾವ ದಿನದವರೆಗೆ ಬರಬಲ್ಲಿರಿ, ಯಾವ ಕೆಲಸ ಕಲಿಯಬೇಕೆಂದಿದ್ದೀರಿ ಎಂಬ ನಾಲ್ಕು ಸಂಗತಿಗಳು ಒಂದು ಪುಟದಲ್ಲಿರಲಿ. ನಿಮ್ಮ ಅಧ್ಯಾಪಕರೊಬ್ಬರ ಶಿಫಾರಸು ಜೊತೆಗಿದ್ದರೆ ಒಳ್ಳೆಯದು. ವಾರದೊಳಗೆ ಉತ್ತರ ಬಾರದಿದ್ದರೆ ವಿನಯದಿಂದ ಮತ್ತೊಮ್ಮೆ ಕೇಳಿ. ಮೌನವನ್ನು ಅವಮಾನವೆಂದು ಭಾವಿಸಬೇಡಿ.

ಇನ್ನು ಹಣದ ಮಾತು. "ಸಂಬಳವಿಲ್ಲದೆ ಯಾಕೆ ದುಡಿಯಬೇಕು?" ಎಂದು ಹೆತ್ತವರು ಕೇಳುವುದು ನ್ಯಾಯವೇ. ಕೆಲವು ವಾರ ಕಲಿಯಲು ಹೋಗುವುದು ಬೇರೆ, ತಿಂಗಳುಗಟ್ಟಲೆ ನೌಕರನ ಕೆಲಸವನ್ನು ಬಿಟ್ಟಿಯಾಗಿ ಮಾಡುವುದು ಬೇರೆ. ಎರಡನೆಯದಕ್ಕೆ ಒಪ್ಪಬೇಡಿ. ಪದವಿ ಮುಗಿಸಿದವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ಭತ್ಯೆಸಹಿತ ತರಬೇತಿಯ ದಾರಿಯಿದೆ. 2019ರ ನಿಯಮಗಳಲ್ಲಿ ಪದವೀಧರರಿಗೆ ಮಾಸಿಕ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 8,000 ರೂಪಾಯಿ ನಿಗದಿಯಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆ ಅನೇಕರು ಕೇಳುತ್ತಾರೆ. ಪ್ರಾರಂಭದ ನಿಯಮಗಳಂತೆ ಅದು ಪೂರ್ಣಾವಧಿ ಓದಿನಲ್ಲಿರುವವರಿಗೆ ಮೀಸಲಾಗಿರಲಿಲ್ಲ. ಓದು ಮುಗಿಸಿ ಕೆಲಸವಿಲ್ಲದ 21ರಿಂದ 24 ವರ್ಷದವರಿಗೆ ತಿಂಗಳಿಗೆ 5,000 ರೂಪಾಯಿಯಂತೆ 12 ತಿಂಗಳ ತರಬೇತಿ ನೀಡುವುದು ಅದರ ಸ್ವರೂಪವಾಗಿತ್ತು. ಯಾವುದೇ ಯೋಜನೆಗೆ ಅರ್ಜಿ ಹಾಕುವ ಮುನ್ನ ಆ ವರ್ಷದ ನಿಯಮವನ್ನು ಸರಕಾರಿ ಜಾಲತಾಣದಲ್ಲೇ ಓದಿಕೊಳ್ಳಿ.

ಎಚ್ಚರದ ಮಾತೊಂದನ್ನು ಇಲ್ಲಿ ಹೇಳಲೇಬೇಕು. ನೋಂದಣಿ ಶುಲ್ಕ, ಭದ್ರತಾ ಠೇವಣಿ, ಲ್ಯಾಪ್‌ಟಾಪ್ ಹಣ ಎಂದು ಮೊದಲೇ ಹಣ ಕೇಳುವವರು ಕೆಲಸ ಕಲಿಸಲು ಬಂದವರಲ್ಲ, ಪ್ರಮಾಣಪತ್ರದ ವ್ಯಾಪಾರಿಗಳು. ಮನೆಯಲ್ಲೇ ಕುಳಿತು ಕೊಂಡುಕೊಂಡ ಕಾಗದವು ಸಂದರ್ಶನದ ಎರಡನೆಯ ಪ್ರಶ್ನೆಗೇ ಬಯಲಾಗುತ್ತದೆ. ಅದು ಸುಳ್ಳೂ ಹೌದು. ಮೋಸಹೋಗಿ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹೆಣ್ಣುಮಕ್ಕಳ ಹೆತ್ತವರಲ್ಲಿ ಒಂದು ವಿನಂತಿ. ನಿಮ್ಮ ಆತಂಕ ಅರ್ಥಹೀನವೆಂದು ನಾನು ಹೇಳುವುದಿಲ್ಲ. ಆದರೆ ಆತಂಕಕ್ಕೆ ಪರಿಹಾರ ವಿಚಾರಣೆಯೇ ಹೊರತು ನಿಷೇಧವಲ್ಲ. ಮಗಳು ಹೋಗುವ ಜಾಗವನ್ನು ನೋಡಿಬನ್ನಿ. ಕೆಲಸದ ವೇಳೆ, ಮೇಲ್ವಿಚಾರಕರು, ಬರುವ-ಹೋಗುವ ದಾರಿಯ ವಿವರ ಕೇಳಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಾಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯು ತರಬೇತಿಗೆ ಬಂದವರನ್ನೂ, ಸಂಬಳವಿಲ್ಲದೆ ದುಡಿಯುವವರನ್ನೂ ಒಳಗೊಂಡಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ನೀಡಬಹುದು. "ನಿಮ್ಮಲ್ಲಿ ಸಮಿತಿ ಇದೆಯೇ?" ಎಂದು ತಂದೆ ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಅವಕಾಶ ಸಿಕ್ಕಿತು ಎನ್ನೋಣ. ಅನಂತರ? ಅನೇಕರು ಮೂಲೆಯ ಕುರ್ಚಿಯಲ್ಲಿ ಕುಳಿತು, ಮೊಬೈಲ್ ನೋಡಿ, ಕೊನೆಯ ದಿನ ಪ್ರಮಾಣಪತ್ರ ಪಡೆದು ಬರುತ್ತಾರೆ. ಹಾಗಾಗದಿರಲಿ. ಮೊದಲ ವಾರದಲ್ಲೇ "ನನಗೆ ಒಂದು ನಿರ್ದಿಷ್ಟ ಕೆಲಸ ಒಪ್ಪಿಸಿ" ಎಂದು ಕೇಳಿ. ಫೋಟೋಕಾಪಿ ಮಾಡಲು ಹೇಳಿದರೆ, ಆ ಕಾಗದ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಗಮನಿಸಿ. ಕಚೇರಿಯ ವ್ಯವಹಾರ ಅದರಲ್ಲೇ ಅರ್ಥವಾಗುತ್ತದೆ. ದಿನವೂ ಸಂಜೆ ಏನು ಮಾಡಿದೆ, ಏನು ಅರ್ಥವಾಗಲಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಪ್ಪಾದರೆ ಮುಚ್ಚಿಡದೆ ತಕ್ಷಣ ತಿಳಿಸಿ. ಅಲ್ಲಿನ ಲೆಕ್ಕಪತ್ರ, ಗ್ರಾಹಕರ ವಿವರ ನಿಮ್ಮ ಬಳಿಯಿರುವ ಅಮಾನತ್ತು, ಅದನ್ನು ಹೊರಗೆ ಒಯ್ಯಬೇಡಿ. ಹೊರಡುವಾಗ ಅವಧಿ ಮತ್ತು ಮಾಡಿದ ಕೆಲಸದ ವಿವರವುಳ್ಳ ಪತ್ರವನ್ನು ಕೇಳಿ ಪಡೆಯಿರಿ. ಆರು ತಿಂಗಳಿಗೊಮ್ಮೆ ಆ ಹಿರಿಯರಿಗೆ ನಿಮ್ಮ ಓದಿನ ಸುದ್ದಿ ತಿಳಿಸಿ. ಇಂದು ಇಲ್ಲದಿರುವ ಪರಿಚಯ ನಾಳೆ ಹುಟ್ಟುವುದು ಹೀಗೆ.

ಕೊನೆಯದಾಗಿ ಈ ಸಭೆಯಲ್ಲಿರುವ ವ್ಯಾಪಾರಿಗಳು, ವೈದ್ಯರು, ವಕೀಲರು, ಲೆಕ್ಕಪರಿಶೋಧಕರೇ, ನಾವು ವಿದ್ಯಾರ್ಥಿವೇತನ ಕೊಡುತ್ತೇವೆ, ಪುಸ್ತಕ ಹಂಚುತ್ತೇವೆ. ಅವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಯು.ಜಿ.ಸಿ. ಹೇಳುವ 60 ಗಂಟೆಯೆಂದರೆ ದಿನಕ್ಕೆ ನಾಲ್ಕು ಗಂಟೆಯಂತೆ ಕೇವಲ 15 ದಿನ. ಮುಂದಿನ ರಜೆಯಲ್ಲಿ ನಿಮ್ಮ ಮೇಜಿನ ಪಕ್ಕ ಒಂದು ಕುರ್ಚಿ ಹಾಕಿ, ನಿಮ್ಮ ಬಂಧುವಲ್ಲದ ಒಬ್ಬ ವಿದ್ಯಾರ್ಥಿಗೆ, ಒಬ್ಬ ವಿದ್ಯಾರ್ಥಿನಿಗೆ 15 ದಿನ ಕೆಲಸ ಕಲಿಸಲಾರಿರಾ? ಗ್ಯಾರೇಜಿನ ಉಸ್ತಾದ್ ಇದನ್ನು ಯಾವ ಸಭೆಯೂ ಇಲ್ಲದೆ ಮಾಡುತ್ತಾ ಬಂದಿದ್ದಾನೆ. ಓದಿದವರಾದ ನಾವು ಅವನಿಗಿಂತ ಹಿಂದೆ ಬೀಳದಿರೋಣ. ಸಭೆ ಮುಗಿದೊಡನೆ ನಿಮ್ಮ ಹೆಸರನ್ನು ಸಂಘಟಕರ ಬಳಿ ಬರೆಸಿ ಹೋಗಬೇಕೆಂದು ವಿನಂತಿಸುತ್ತಾ ನನ್ನ ಮಾತು ಮುಗಿಸುತ್ತೇನೆ.